ಅತ್ತೆಯ ಕಾದಂಬರಿಯ ನಡುಭಾಗ

ನಮ್ಮೂರಿನಲ್ಲಿ ದಾರಿಯಲ್ಲಿ ಸಿಕ್ಕವರು ಊಟ ಆಯಿತೇ ಎಂದು ಕೇಳುವುದಿಲ್ಲ, ಇವತ್ತಿನದು ಬರೆದಿರಾ ಎಂದು ಕೇಳುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗಿದು ಅರ್ಥವಾಗದೆ, ಇವರೆಲ್ಲ ಈ ವಯಸ್ಸಿನಲ್ಲಿ ಶಾಲೆಗೆ ಹೋಗುತ್ತಾರೇನೋ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು. ಇಲ್ಲಿ ಒಂದು ಕಾದಂಬರಿ ಬರೆಯಲು ಹಿಡಿದವರು ಅದು ಮುಗಿಯುವ ತನಕ ಸಾಯುವುದಿಲ್ಲ. ದಿನಕ್ಕೆ ಒಂದು ಸಾಲಾದರೂ ದೀಪ ಹಚ್ಚುವ ಹೊತ್ತಿನೊಳಗೆ ಬರೆಯಬೇಕು, ಆ ಸಾಲಿನಲ್ಲಿ ಹೊಸದೇನಾದರೂ ನಡೆಯಬೇಕು, ಅಷ್ಟೇ. ಮುಗಿಸಿದರೋ, ಅಥವಾ ಒಂದು ದಿನ ತಪ್ಪಿಸಿದರೋ, ಬರಬೇಕಾದದ್ದು ಬಂದೇ ಬರುತ್ತದೆ. ಎರಡನೆಯ ಕಾದಂಬರಿ ಲೆಕ್ಕಕ್ಕಿಲ್ಲ. ಇದು ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ, ನಾನು ಸೊಸೆಯಾಗಿ ಬಂದವಳು. ನನ್ನ ತವರಿನಲ್ಲಿ ಜನ ಯಾವ ತಕರಾರೂ ಮಾಡದೆ ಸುಮ್ಮನೆ ಸಾಯುತ್ತಿದ್ದರು.

ಇಲ್ಲಿಯ ಡಾಕ್ಟರು ಕೊಡುವ ಚೀಟಿಯಲ್ಲಿ ಎರಡು ಮಾತ್ರೆ, ಒಂದು ಟಾನಿಕ್ಕು, ಅದರ ಕೆಳಗೆ 'ಕಾದಂಬರಿ, ದಿನಕ್ಕೊಂದು ಸಲ, ಊಟವಾದ ಮೇಲೆ' ಎಂದಿರುತ್ತದೆ. ಆಸ್ಪತ್ರೆಯ ಎದುರಿಗೆ ಔಷಧಿ ಅಂಗಡಿ ಒಂದೇ ಒಂದು, ನೋಟ್‌ಬುಕ್ಕಿನ ಅಂಗಡಿ ಹನ್ನೊಂದು. ಹೆಣ್ಣು ನೋಡಲು ಬಂದವರು ಹುಡುಗನ ಕೆಲಸದ ಮಾತೆತ್ತುವ ಮೊದಲು, "ನಮ್ಮ ಹುಡುಗನ ಕಥಾವಸ್ತು ಭಾರಿ ದೊಡ್ಡದು, ನೂರು ವರ್ಷ ಎಳೆದ್ರೂ ಹರಿಯಲ್ಲ" ಎಂದು ಹೇಳಿಕೊಳ್ಳುತ್ತಾರೆ. ಕವಿಗಳಿಗೆ ಮಾತ್ರ ಯಾರೂ ಹೆಣ್ಣು ಕೊಡುವುದಿಲ್ಲ. ಪದ್ಯ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನಕ್ಕೆ ಮುಗಿದುಹೋಗುತ್ತದೆ; ಅಂಥವನನ್ನು ನಂಬಿ ಯಾರು ಸಂಸಾರ ಮಾಡುತ್ತಾರೆ?

ಊರು ಕೆಲವು ಪಾಠಗಳನ್ನು ಹೆಣ ಹೊತ್ತೇ ಕಲಿತಿದೆ. ಅಕ್ಕಿ ಗಿರಣಿಯವರೊಬ್ಬರು 'ಅವನು ಎದ್ದು ಕುಳಿತ' ಎಂಬ ಒಂದೇ ಸಾಲನ್ನು ದಿನಾ ಬರೆದರು, ಮೂರನೆಯ ದಿನ ಅವರೇ ಏಳಲಿಲ್ಲ. ಇನ್ನೊಬ್ಬ ಶ್ರೀಮಂತರು ಸಂಬಳ ಕೊಟ್ಟು ಒಬ್ಬ ಬರಹಗಾರನನ್ನು ಇಟ್ಟುಕೊಂಡರು. ಬರಹಗಾರ ಈಗಲೂ ಗಟ್ಟಿಮುಟ್ಟಾಗಿದ್ದಾನೆ, ಶ್ರೀಮಂತರು ನಾಲ್ಕೇ ದಿನಕ್ಕೆ ಹೋದರು. ಕೈ ಯಾರದಾದರೂ ಆಗಬಹುದು, ಮಾತು ಮಾತ್ರ ಅವರದೇ ಬಾಯಿಂದ ಬರಬೇಕು ಎಂದು ಆವತ್ತು ಗೊತ್ತಾಯಿತು. ಒಬ್ಬ ಪೋಸ್ಟ್ ಮಾಸ್ತರರು ತಮ್ಮ ಕಾದಂಬರಿಯಲ್ಲಿ ಕಳೆದುಹೋಗಿದ್ದ ಕಾಗದವನ್ನು ಹದಿನಾರು ವರ್ಷವಾದ ಮೇಲೆ ಹುರುಪಿನಲ್ಲಿ ವಿಳಾಸಕ್ಕೆ ತಲುಪಿಸಿಯೇ ಬಿಟ್ಟರು. ವೃತ್ತಿಧರ್ಮ, ಪಾಪ. ಅಲ್ಲಿಗೆ ಕಥೆ ಮುಗಿದು, ಸಂಜೆಯೊಳಗೆ ಅವರೂ ಹೋದರು.

ಹಾಗಾಗಿ ನಮ್ಮಲ್ಲಿ ಎಲ್ಲ ಕಾದಂಬರಿಗಳೂ ನಡುವಿನಲ್ಲಿವೆ. ಅವುಗಳನ್ನು ನಡುವಿನಲ್ಲೇ ಇಟ್ಟುಕೊಳ್ಳುವುದಕ್ಕೆ ಒಂದು ಸಂಘವೂ ಇದೆ, ಮಧ್ಯಭಾಗ ಸಂಘ ಎಂದು. ನನ್ನ ಯಜಮಾನರು ಪದ್ಮನಾಭ ಅದರ ಕಾರ್ಯದರ್ಶಿ. ಅಧ್ಯಕ್ಷರು ಭೀಮಸೇನರಾಯರು, ವಯಸ್ಸು ನೂರ ಮೂವತ್ತೊಂದು. ಮೂವತ್ತೆಂಟರಲ್ಲಿ ಹಾವು ಕಚ್ಚಿದಾಗ ಯಾರೋ ಪುಣ್ಯಾತ್ಮರು ಓಡಿಬಂದು ಕೈಗೊಂದು ಪೆನ್ಸಿಲ್ಲು ಕೊಟ್ಟರಂತೆ. 'ಮುಹೂರ್ತಕ್ಕೆ ಇನ್ನು ಹತ್ತೇ ನಿಮಿಷವಿತ್ತು' ಎಂದು ಶುರುಮಾಡಿದವರು, ತೊಂಬತ್ತಮೂರು ವರ್ಷದಿಂದ ಆ ಮದುವೆಯನ್ನು ಆಗಗೊಟ್ಟಿಲ್ಲ. ಮದುಮಗಳು ಅಂತರಪಟದ ಆಚೆ ಕೂತೇ ಇದ್ದಾಳೆ, ಅತಿಥಿಗಳು ಬರುತ್ತಲೇ ಇದ್ದಾರೆ.

ಪ್ರತಿ ಮಂಗಳವಾರ ಸಂಘದಲ್ಲಿ ಹುರುಪಿನ ಸಭೆ. ನಡುವಿನಲ್ಲಿ ಬೇಸರ ಬಂದವರಿಗೆ, ಕೈ ಓಡದವರಿಗೆ, ಹಾಳಾಗಿ ಹೋಗಲಿ ಮುಗಿಸಿಬಿಡೋಣ ಎನ್ನಿಸಿದವರಿಗೆ ಅಲ್ಲಿ ಧೈರ್ಯ ತುಂಬುತ್ತಾರೆ. ಕಥೆ ನಿಂತರೆ ಹೊಸ ಪಾತ್ರ ತನ್ನಿ. ಯಾರಿಗಾದರೂ ಜ್ವರ ಬರಿಸಿ, ಆದರೆ ಸಾಯಿಸಬೇಡಿ, ಕೆಟ್ಟ ಅಭ್ಯಾಸ. ನಾಯಕ ಹೊಳೆ ದಾಟಬೇಕೆಂದರೆ ದೋಣಿಯವನು ಊಟಕ್ಕೆ ಹೋಗಿರಲಿ. ಕೊನೆಗೆ ಎಲ್ಲರೂ ಎದ್ದುನಿಂತು, "ಮುಂದುವರಿಯಲಿ! ಮುಂದುವರಿಯಲಿ!" ಎಂದು ಮೂರು ಸಲ ಕೂಗಿ, ಉಪ್ಪಿಟ್ಟು ತಿಂದು ಮನೆಗೆ ಬರುತ್ತಾರೆ. ಯಾರಾದರೂ ಯಾರದ್ದಾದರೂ ಕಾದಂಬರಿಯನ್ನು ಓದಿದ್ದಾರೆಯೇ ಎಂದು ಒಮ್ಮೆ ಇವರನ್ನು ಕೇಳಿದೆ. "ಎಲ್ರೂ ಬರೆಯೋರೇ ಕಣೇ, ಓದೋದಕ್ಕೆ ಯಾರಿಗೆ ಪುರುಸೊತ್ತು?" ಎಂದರು. ಇವರ ಕಾದಂಬರಿಯಲ್ಲಿ ಒಬ್ಬ ಇನ್ಸ್‌ಪೆಕ್ಟರು ಇಪ್ಪತ್ತೆಂಟು ವರ್ಷದಿಂದ ಒಂದು ಕಂಚಿನ ಚೊಂಬಿನ ಕಳ್ಳತನವನ್ನು ವಿಚಾರಣೆ ಮಾಡುತ್ತಿದ್ದಾನೆ. ಅಷ್ಟು ನಿಧಾನದ ಪೊಲೀಸನನ್ನು ನಾನು ಹೊರಗೆ ಎಲ್ಲೂ ನೋಡಿಲ್ಲ.

ನಾನು ಏನೂ ಬರೆಯುತ್ತಿಲ್ಲ. ಈ ಊರಿನಲ್ಲಿ ಹೆಂಗಸರು ಬರೆಯುವುದು ಕಡಿಮೆ. ಶುರುಮಾಡಿದರೂ ನೆಂಟರು ಬಂದ ದಿನವೋ ಹಬ್ಬದ ದಿನವೋ ಒಂದು ಸಾಲು ತಪ್ಪಿಹೋಗುತ್ತದೆ. ತಪ್ಪದೆ ಐವತ್ತು ವರ್ಷ ನಡೆಸಿದವರು ಒಬ್ಬರೇ, ನನ್ನ ಅತ್ತೆ ತುಂಗಮ್ಮ. ನಲವತ್ತೆರಡರಲ್ಲಿ ಶುರು ಮಾಡಿದ್ದು, ಈಗ ತೊಂಬತ್ತೆರಡು. ಹನ್ನೆರಡು ವರ್ಷದ ಹಿಂದೆ ಅವರ ಕಣ್ಣು ಪೂರ್ತಿ ಹೋಗಿ ಹಾಸಿಗೆ ಹಿಡಿದ ಮೇಲೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ಇವರಿಗೆ ಕಾರ್ಯದರ್ಶಿ ಕೆಲಸ, ಇನ್ಸ್‌ಪೆಕ್ಟರ ಕೆಲಸ. ಮನೆಯಲ್ಲಿ ಬಿಡುವಾಗಿರುವವಳು ನಾನೊಬ್ಬಳೇ ತಾನೇ, ಅಡುಗೆ, ಬಟ್ಟೆ, ಪಾತ್ರೆ ಬಿಟ್ಟರೆ!

ದಿನಾ ಊಟವಾದ ಮೇಲೆ ಅತ್ತೆಯ ಮಂಚದ ಪಕ್ಕ ಕೂತು ಬರೆದುಕೊಳ್ಳುತ್ತಿದ್ದೆ. ಕಥೆ ಇಷ್ಟೇ. ಚಂದ್ರಿ ಎಂಬ ಹೆಂಗಸು ಎತ್ತಿನ ಗಾಡಿಯಲ್ಲಿ ಅಕ್ಕನ ಊರಿಗೆ ಹೊರಟಿದ್ದಾಳೆ. ತೊಡೆಯ ಮೇಲೆ ಕೂಸು ಮಲಗಿದೆ. ಕೂಸಿಗೆ ಎಚ್ಚರವಾಗಬಾರದೆಂದು ಅವಳು ಕಾಲು ಅಲುಗಿಸುವುದಿಲ್ಲ, ಗಾಡಿ ಜೋರಾಗಿ ಹೊಡೆಯಗೊಡುವುದಿಲ್ಲ. ಐವತ್ತು ವರ್ಷದಲ್ಲಿ ಆ ಗಾಡಿಯ ಅಚ್ಚು ಏಳು ಸಲ ಮುರಿದಿದೆ, ಎತ್ತಿನ ಲಾಳ ಲೆಕ್ಕವಿಲ್ಲದಷ್ಟು ಸಲ ಕಿತ್ತುಹೋಗಿದೆ. ದಾರಿಯಲ್ಲಿ ಬಳೆಗಾರ ಬಂದ, ಸೀಬೆಹಣ್ಣಿನವಳು ಬಂದಳು, ಜಗಳವಾಡುತ್ತಾ ಗಂಡಹೆಂಡಿರು ಬಂದು ಒಂದಾಗಿ ಇಳಿದುಹೋದರು. ಕೂಸು ಮಾತ್ರ ಎದ್ದಿಲ್ಲ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಒಂದು ಕೂಸು ಎಷ್ಟು ಅಂತ ಮಲಗುತ್ತದೆ ಎಂದು. ಬರುಬರುತ್ತಾ ಏನಾಯಿತೋ, ಮಧ್ಯಾಹ್ನ ಎರಡು ಗಂಟೆಯಾದರೆ ಪಾತ್ರೆ ಹಾಗೇ ಬಿಟ್ಟು ಓಡಿಬಂದು ಕೂರುತ್ತಿದ್ದೆ. ಇದನ್ನು ಅತ್ತೆಗೆ ಹೇಳಿರಲಿಲ್ಲ. ಹೇಳಿದರೆ ತಲೆಯ ಮೇಲೆ ಕೂರುತ್ತಾರೆ ಎಂದು ಸುಮ್ಮನಿದ್ದೆ.

ಇವರು ಸಂಜೆ ಬಂದು ಚಪ್ಪಲಿ ಬಿಡುತ್ತಾ, "ಅಮ್ಮಂದು ಇವತ್ತು ಎಷ್ಟಾಯ್ತು?" ಎಂದು ಕೇಳುತ್ತಿದ್ದರು. ಅರ್ಧ ಪುಟ ಎಂದರೆ ಅರ್ಧ ಪುಟ ಎಂದು ಸಂಘದ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಕಾಫಿಗೆ ಕೂರುವರು. ಮುಂದಿನ ಭಾನುವಾರ ಅತ್ತೆಗೆ ಸುವರ್ಣ ಮಧ್ಯ ಸಮಾರಂಭ ಎಂದು ನಿಶ್ಚಯವಾಗಿತ್ತು. ಐವತ್ತು ವರ್ಷ ಮುಗಿಸದೆ ಬರೆದ ಮೊದಲ ಮಹಿಳೆ. ನಮ್ಮ ಬೀದಿಯಲ್ಲೇ ಶಾಮಿಯಾನ, ಮನೆಯ ಮುಂದೆಯೇ ವೇದಿಕೆ, ಶಾಲು, ಪೇಟ, ಹಣ್ಣಿನ ಬುಟ್ಟಿ. ಇವರು ಹದಿನೈದು ದಿನದಿಂದ ನೆಲದ ಮೇಲೆ ನಡೆಯುತ್ತಿರಲಿಲ್ಲ.

ಸಮಾರಂಭಕ್ಕೆ ಹತ್ತು ದಿನವಿದ್ದಾಗ ಒಂದು ಗುರುವಾರ ಅತ್ತೆ ಬಾಯಿ ಬಿಡಲಿಲ್ಲ. ಎರಡು ಗಂಟೆ, ಮೂರು, ನಾಲ್ಕು. ನಾನು ಪೆನ್ನು ಹಿಡಿದು ಕೂತೇ ಇದ್ದೇನೆ. "ಏನಾದ್ರೂ ಹೇಳಿ ಅತ್ತೆ" ಎಂದರೆ, "ಏನೂ ಬರ್ತಿಲ್ಲ ಕಣೇ" ಎಂದು ಗೋಡೆಯ ಕಡೆ ತಿರುಗಿಕೊಂಡರು. ಐದಾಯಿತು, ಐದೂವರೆಯಾಯಿತು. ಪಕ್ಕದ ಮನೆಯವರು ದೀಪ ಹಚ್ಚುವ ಮೊದಲು ಬಾಗಿಲಿಗೆ ನೀರು ಹಾಕುವ ಸದ್ದು ಕೇಳಿಸಿತು.

"ಮಳೆ ಬರ್ಲಿ ಅತ್ತೆ."

"ಹೋದ ವಾರ ಬಂತಲ್ಲ."

"ಗಾಡಿ ಹಿಂದೆ ನಾಯಿ ಬರ್ಲಿ."

"ಮೂರು ನಾಯಿ ಬಂದಿದಾವೆ. ಒಂದನ್ನ ಸಾಕ್ಕೊಂಡಿದಾಳೆ."

"ಹಾಳಾಗ್ ಹೋಗ್ಲಿ, ಎತ್ತಿಗೆ ಕೆಮ್ಮಾದ್ರೂ ಬರ್ಸಿ!" ಎಂದು ಕಿರುಚಿಬಿಟ್ಟೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಅತ್ತೆ ಗೋಡೆಯ ಕಡೆ ಮುಖ ಇಟ್ಟುಕೊಂಡೇ, "ಬಲಗಡೆ ಎತ್ತು ಕೆಮ್ಮಿತು. ಕೂಸು ಮಗ್ಗುಲು ಬದಲಾಯಿಸಿತು. ಬರ್ಕೋ" ಎಂದರು. ಬರೆದುಕೊಂಡೆ. ಎದ್ದು ದೀಪ ಹಚ್ಚುವಾಗ ಕಡ್ಡಿ ಮೂರು ಸಲ ಆರಿತು.

ಮಾರನೆಯ ದಿನ ಪೆನ್ನು ತೆಗೆದ ಕೂಡಲೇ ಅತ್ತೆ, "ಜಲಜಾ, ನಾನು ಇದನ್ನ ಮುಗಿಸ್ತೀನಿ ಕಣೇ" ಎಂದರು.

"ಬಿಡ್ತು ಅನ್ನಿ ಅತ್ತೆ! ಎಂಥ ಮಾತಾಡ್ತೀರ!" ಎಂದು ನಾನು ರೇಗಿದೆ.

"ರೇಗಬೇಡ, ಕೇಳು. ನಂಗೆ ನಲವತ್ತೆರಡಾಗಿತ್ತು. ಹೊಟ್ಟೇಲಿ ಗಡ್ಡೆ ಇದೆ, ಆರು ತಿಂಗಳು ಅಂದ್ರು ಡಾಕ್ಟ್ರು. ನಿನ್ ಗಂಡಂಗೆ ಎಂಟು ವರ್ಷ. ಅವರಪ್ಪ ಆಗ್ಲೇ ಹೋಗಿದ್ರು. ಒಂಟಿ ಕೂಸನ್ನ ಯಾರ ಕೈಲಿ ಬಿಟ್ಟು ಹೋಗ್ಲಿ ಹೇಳು? ಅದಕ್ಕೆ ಗಾಡಿ ಹತ್ತಿಸ್ದೆ, ತೊಡೆ ಮೇಲೆ ಮಲಗಿಸ್ಕೊಂಡೆ. ಅವನು ದೊಡ್ಡವನಾಗೋವರೆಗೆ ಸಾಕು ಅಂದ್ಕೊಂಡಿದ್ದೆ. ದೊಡ್ಡವನಾದ. ಮದುವೆ ಆಗ್ಲಿ ಅಂದ್ಕೊಂಡೆ. ನೀನು ಬಂದೆ. ನೀನು ಅವನ್ನ ಹೊಂದಿಸ್ಕೊಳ್ಳೋವರೆಗೆ ಅಂದ್ಕೊಂಡೆ, ಅದಕ್ಕೆ ಒಂದಿಪ್ಪತ್ತು ವರ್ಷ ಹಿಡೀತು." ಇಷ್ಟು ಹೇಳಿ ನಕ್ಕರು. ನಕ್ಕಾಗ ಅವರ ಕೈ ಹೊಟ್ಟೆಯ ಮೇಲೆ ಹೋಯಿತು. ಆ ಗಡ್ಡೆ ಐವತ್ತು ವರ್ಷದಿಂದ ಅಲ್ಲೇ ಇದೆ. ಸಾಯುವುದಿಲ್ಲ ಎಂದರೆ ನೋವಾಗುವುದಿಲ್ಲ ಎಂದಲ್ಲ. ಇದನ್ನು ಸಂಘದವರು ಯಾವ ಮಂಗಳವಾರವೂ ಹೇಳುವುದಿಲ್ಲ. "ಈಗ ಅವನಿಗೆ ಐವತ್ತೆಂಟು. ಇನ್ನೂ ಎಷ್ಟು ಅಂತ ಮಲಗಿಸ್ಲೇ? ಚಂದ್ರಿ ತೊಡೆ ಮರಗಟ್ಟಿಹೋಗಿದೆ. ನಂಗೆ ಗೊತ್ತಾಗತ್ತೆ ಕಣೇ."

ಆ ಕೂಸು ಯಾರು ಎಂಬುದು ನನಗೆ ಆವತ್ತೇ ತಿಳಿದದ್ದು. ಹನ್ನೆರಡು ವರ್ಷ ಬರೆದಿದ್ದೇನೆ, ದಡ್ಡಿ ನಾನು.

ಸಂಜೆ ಇವರಿಗೆ ಹೇಳಿದೆ, "ರೀ, ಅತ್ತೆ ಮುಗಿಸ್ತಾರಂತೆ" ಎಂದು. ಒಳಗೆ ಹೋಗಿ ಅಮ್ಮನ ಪಕ್ಕ ಕೂರುತ್ತಾರೆ ಎಂದುಕೊಂಡೆ. ಇವರು ಅಂಗಿ ತೊಟ್ಟು ಸಂಘಕ್ಕೆ ಓಡಿದರು. ಹೆದರಿಕೊಂಡರೆ ಇವರು ಯಾವಾಗಲೂ ಸಭೆ ಕರೆಯುತ್ತಾರೆ. ಜ್ವರ ಏರಿ ನನ್ನ ಸ್ಥಿತಿ ಕೆಟ್ಟಾಗಲೂ ಒಂದು ಸಭೆ ಕರೆದಿದ್ದರು.

ಮಂಗಳವಾರದ ಹುರುಪಿನ ಸಭೆ ಆ ವಾರ ನಮ್ಮ ಮನೆಗೇ ಬಂತು. ನಾಲ್ಕು ಮಂದಿ ಪದಾಧಿಕಾರಿಗಳು, ಆಟೋದಿಂದ ಮೆಲ್ಲಗೆ ಇಳಿಸಿಕೊಂಡ ಭೀಮಸೇನರಾಯರು, ಒಂದು ಗೊನೆ ಬಾಳೆಹಣ್ಣು. ಎಲ್ಲರೂ ಮಂಚದ ಸುತ್ತ ಕುರ್ಚಿ ಹಾಕಿಕೊಂಡು ಕೂತರು. ಖಜಾಂಚಿ ಎದ್ದುನಿಂತು, ನಡುವಿನಲ್ಲಿ ಬೇಸರ ಬರುವುದು ಸಹಜ, ತಮಗೂ ಎಂಬತ್ತನೆಯ ಅಧ್ಯಾಯದಲ್ಲಿ ಬಂದಿತ್ತು, ಆಗ ತಾವು ನಾಯಕನಿಗೆ ಅವಳಿ ತಮ್ಮನೊಬ್ಬನನ್ನು ತಂದೆವು, ಅಲ್ಲಿಂದ ತಿರುಗಿ ನೋಡಿಲ್ಲ ಎಂದು ಭಾಷಣ ಮಾಡಿದರು. ಇನ್ನೊಬ್ಬರು ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಬರೆಯಬೇಕು ಎಂದರು. ಹನ್ನೆರಡು ವರ್ಷದಿಂದ ಮಂಚ ಬಿಟ್ಟು ಎದ್ದಿಲ್ಲದ ಅತ್ತೆಗೆ ಈ ಸಲಹೆ! ನಾನು ಕಾಫಿ ಲೋಟ ಇಡುವಾಗ ಸ್ವಲ್ಪ ಜೋರಾಗಿಯೇ ಇಟ್ಟೆ.

ಕೊನೆಗೆ ರಾಯರು ಬಾಯಿ ತೆರೆದರು. "ತುಂಗಮ್ಮಾ, ಎದೆಗುಂದಬೇಡಿ. ಗಾಡಿಗೆ ಒಂದು ಕವಲುದಾರಿ ತೋರಿಸಿ. ದಾರಿ ತಪ್ಪಿತು ಅಂದ್ರೆ ಮೂವತ್ತು ವರ್ಷ ಏನೂ ಯೋಚನೆ ಇಲ್ಲ."

ಅತ್ತೆ ಅವರ ಧ್ವನಿ ಬಂದ ಕಡೆ ಮುಖ ತಿರುಗಿಸಿದರು. "ರಾಯರೇ, ನಿಮ್ಮ ಮದುಮಗಳು ಕೂತು ಎಷ್ಟು ವರ್ಷ ಆಯ್ತು?"

"ತೊಂಬತ್ತಮೂರು" ಎಂದರು ರಾಯರು ಹೆಮ್ಮೆಯಿಂದ.

"ಅವಳಿಗೆ ಕಾಲು ನೋಯಲ್ವೇ?"

ರಾಯರ ಕೈಯಲ್ಲಿದ್ದ ಬಾಳೆಹಣ್ಣು ಸುಲಿದದ್ದು ಸುಲಿದ ಹಾಗೇ ಉಳಿಯಿತು. ಖಜಾಂಚಿ ಗಾಬರಿಯಿಂದ ಎದ್ದು, "ಮುಂದುವರಿಯಲಿ!" ಎಂದು ಕೂಗಿದರು. ಉಳಿದವರೂ ಕೂಗಿದರು. ರಾಯರು ಕೂಗಲಿಲ್ಲ. ಇವರು ಎಲ್ಲರನ್ನೂ ಬೀಳ್ಕೊಟ್ಟು ಒಳಗೆ ಬಂದು, "ಅಮ್ಮಾ, ಭಾನುವಾರದವರೆಗಾದ್ರೂ ಎಳೀ. ಆಮೇಲೆ ಯೋಚನೆ ಮಾಡೋಣ" ಎಂದರು. ಅತ್ತೆ ಅವರ ಕೈ ಹುಡುಕಿ ಹಿಡಿದುಕೊಂಡು, "ಊಟ ಮಾಡಿದ್ಯೇನೋ?" ಎಂದು ಕೇಳಿದರು. ಇವರು ಹೂಂ ಎಂದು, ಶಾಲು ತರುವುದಿದೆ ಎಂದು ಹೊರಟುಹೋದರು.

ದಿನಕ್ಕೊಂದು ಸಾಲು ಎಳೆಯುತ್ತಾ ಶುಕ್ರವಾರ ಮಧ್ಯಾಹ್ನವಾಯಿತು. ಬೀದಿಯಲ್ಲಿ ಶಾಮಿಯಾನದ ಗೂಟ ಹೊಡೆಯುತ್ತಿದ್ದರು. ಅತ್ತೆ ಬೆಳಿಗ್ಗೆಯೇ ತಲೆಗೆ ಎಣ್ಣೆ ಹಾಕಿಸಿಕೊಂಡು, ಬಿಸಿನೀರಿನಲ್ಲಿ ಮೈ ಒರೆಸಿಸಿಕೊಂಡು, ಒಗೆದ ಸೀರೆ ಉಡಿಸು ಎಂದಿದ್ದರು. ನನಗೆ ಆಗಲೇ ಅನುಮಾನ ಬಂದಿತ್ತು.

"ಬರ್ಕೋ" ಎಂದರು.

"ಪೆನ್ನಲ್ಲಿ ಇಂಕಿಲ್ಲ ಅತ್ತೆ."

"ಸುಳ್ಳಿ. ನಿನ್ನೆ ತಾನೇ ರೀಫಿಲ್ ಹಾಕ್ಕೊಂಡೆ, ಸದ್ದು ಕೇಳಿಸ್ತು."

"ಸಾರಿಗೆ ಒಗ್ಗರಣೆ ಹಾಕ್ಬೇಕು."

"ಊಟ ಆಗಿದೆ. ಕೂತ್ಕೋ."

"ಇವರು ಬರ್ಲಿ ಅತ್ತೆ. ಇವರಿಗೊಂದು ಮಾತು ಹೇಳ್ಬೇಡ್ವೇ? ಕರ್ಕೊಂಡು ಬರ್ತೀನಿ, ಇಲ್ಲೇ ಮೂಲೆ ಅಂಗಡೀಲಿದಾರೆ."

"ಬೇಡ." ಈ ಒಂದು ಮಾತು ಮಾತ್ರ ಗಟ್ಟಿಯಾಗಿ ಬಂತು. "ಅವನು ಬಂದು ಅಮ್ಮಾ ಅಂದ್ರೆ ನಾನು ಮತ್ತೆ ಮಲಗಿಸ್ಬಿಡ್ತೀನಿ. ಐವತ್ತು ವರ್ಷ ಅದೇ ಮಾಡಿದೀನಿ. ಹನ್ನೆರಡು ವರ್ಷ ಈ ಗಾಡಿ ಹೊಡೆದೋಳು ನೀನು. ನೀನೇ ಇಳಿಸ್ಬೇಕು. ನಿನ್ ಕಾಲಿಗೆ ಬೀಳ್ಲಾ?"

ಇಂಥ ಮಾತಾಡಿದರೆ ನಾನೇನು ಮಾಡಲಿ? ಅತ್ತೆಯಿಂದ ನಾನು ಏನೇನೋ ಕೇಳಿಸಿಕೊಂಡಿದ್ದೇನೆ. ಬೇಳೆ ಬೇಯಿಸಲು ಬರುವುದಿಲ್ಲ ಎಂದು, ತವರಿನವರು ಕೈಬಿಗಿ ಜನ ಎಂದು, ಅಕ್ಷರ ಕೋಳಿ ಕೆದಕಿದ ಹಾಗಿದೆ ಎಂದು. ಒಂದು ದಿನವೂ ದಯವಿಟ್ಟು ಎಂದವರಲ್ಲ. ಆ ಮಾತಿಗೆ ನಾನು ಸೋತೆ. ಅಳುತ್ತಲೇ ಪೆನ್ನು ತೆಗೆದೆ. ಅತ್ತೆ ಒಂದೊಂದೇ ಮಾತು ಹೇಳುತ್ತಾ ಹೋದರು, ಎಲ್ಲೂ ತಡವರಿಸಲಿಲ್ಲ.

'ಗಾಡಿ ಏರು ಹತ್ತಿ ನಿಂತಿತು. ಕೂಸು ಕಣ್ಣು ಬಿಟ್ಟಿತು. ಊರು ಬಂತೇನಮ್ಮಾ ಎಂದು ಕೇಳಿತು. ಬಂತು ಎಂದಳು ಚಂದ್ರಿ. ಎತ್ತಿ ಇಳಿಸಲು ಅವಳು ಕೈ ಚಾಚುವುದರೊಳಗೆ ಕೂಸು ತಾನೇ ಹಿಂದಿನಿಂದ ಜಾರಿ ಇಳಿದಿತ್ತು. ನೆಲ ಬಿಸಿಯಾಗಿತ್ತು. ಒಂದು ಕಾಲು ಎತ್ತಿ ಇನ್ನೊಂದು ಕಾಲಿಟ್ಟು ಕುಣಿಯುತ್ತಾ ದೊಡ್ಡಮ್ಮನ ಮನೆಯ ಕಡೆ ಓಡಿತು. ಚಪ್ಪಲಿ, ಚಪ್ಪಲಿ ಎಂದು ಚಂದ್ರಿ ಕೂಗಿದಳು. ಅದಕ್ಕೆ ಕೇಳಿಸಲಿಲ್ಲ.'

ಅತ್ತೆ ನಿಲ್ಲಿಸಿದರು. ನಾನು ಪೆನ್ನೆತ್ತಿ, "ಸಾಕು ಅತ್ತೆ, ಇವತ್ತಿಗೆ ಇಷ್ಟು ಸಾಕು. ಮಿಕ್ಕಿದ್ದು ನಾಳೆ" ಎಂದೆ.

"ಇನ್ನೊಂದೇ ಸಾಲು" ಎಂದರು. 'ಚಂದ್ರಿ ಮರಗಟ್ಟಿದ ಕಾಲುಗಳನ್ನು ನೀಡಿಕೊಂಡು, ಹುಲ್ಲಿನ ಮೇಲೆ ಅಂಗಾತ ಮಲಗಿದಳು.'

ಕೊನೆಯ ಅಕ್ಷರದ ಹತ್ತಿರ ನಾನು ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಹೊರಗೆ ಗೂಟ ಹೊಡೆಯುವ ಸದ್ದು ನಿಂತಿತ್ತು. ಅತ್ತೆ ಅವಸರ ಮಾಡಲಿಲ್ಲ. ಬರೆದೆ. ಚುಕ್ಕಿ ಇಟ್ಟೆ.

"ಓದು" ಎಂದರು. ಓದಿದೆ.

"ಹೆಂಗಿದೆಯೇ?"

ಈ ಊರಿನಲ್ಲಿ ಯಾರೂ ಯಾರ ಬರಹಕ್ಕೂ ಚೆನ್ನಾಗಿದೆ ಎಂದು ಹೇಳುವುದಿಲ್ಲ. ಮುಂದುವರಿಯಲಿ ಎನ್ನುತ್ತಾರೆ. ನಾನು ಬರೆದುಕೊಂಡ ಹನ್ನೆರಡು ವರ್ಷದಲ್ಲಿ ಅತ್ತೆ ಈ ಪ್ರಶ್ನೆ ಕೇಳಿದ್ದೂ ಇದೇ ಮೊದಲು. "ಚೆನ್ನಾಗಿದೆ ಅತ್ತೆ" ಎಂದೆ. "ದಿನಾ ಚೆನ್ನಾಗಿತ್ತು. ನಾನೇ ಹೊಟ್ಟೆಕಿಚ್ಚಿಗೆ ಹೇಳಿರ್ಲಿಲ್ಲ. ಆ ಸೀಬೆಹಣ್ಣಿನವಳು ಇಳಿದುಹೋದ ದಿನ ನಂಗೆ ಊಟ ಸೇರಿರ್ಲಿಲ್ಲ."

"ಥೂ ನಿನ್ನ, ಆವಾಗ್ಲೇ ಹೇಳೋದಲ್ವೇ? ಇನ್ನೊಂದ್ಸಲ ಕರೆಸ್ತಿದ್ದೆ ಅವಳನ್ನ" ಎಂದರು ಅತ್ತೆ. ತುಂಬ ಖುಷಿಯಾಗಿದ್ದರು. ಕಾಲು ನೀಡಿಸು ಎಂದರು, ನೀಡಿಸಿದೆ. ನಾಲ್ಕು ಗಂಟೆಗೆ ಕಾಫಿ ತಂದಾಗ ಅವರು ಇರಲಿಲ್ಲ.

ಇವರು ಶಾಲಿನ ಕಟ್ಟು ಹಿಡಿದು ಬಂದರು. ಮಂಚ ನೋಡಿದರು, ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದರು. "ನೀನು ಬರೆದ್ಯಾ?" ಎಂದು ಕೇಳಿದರು. ಹೌದು ಎಂದೆ. "ನಮ್ಮಮ್ಮನ್ನ ನೀನು ಕೊಂದೆ" ಎಂದರು. ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ಶನಿವಾರ ಸಂಸ್ಕಾರ ಮುಗಿಯಿತು, ಅಲ್ಲೂ ಮಾತಾಡಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಅದು ಎಂಥ ಸಂಕಟವೆಂದು ಹೇಳಿದರೆ ಮುಗಿಯುವುದಿಲ್ಲ. ಅದಕ್ಕಿಂತ ದೊಡ್ಡ ಸಂಕಟ, ಅವರು ಹೇಳಿದ್ದು ನಿಜವಿರಬಹುದೇ ಎಂಬುದು.

ಭಾನುವಾರ ಶಾಮಿಯಾನ ಬಿಚ್ಚಲಿಲ್ಲ. ಬಾಡಿಗೆ ಕೊಟ್ಟಾಗಿದೆ, ಸುವರ್ಣ ಮಧ್ಯದ ಬದಲು ಸಂತಾಪ ಸಭೆ ಮಾಡೋಣ ಎಂದು ಸಂಘ ತೀರ್ಮಾನಿಸಿತು. ಬ್ಯಾನರಿನಲ್ಲಿ ಸುವರ್ಣ ಎಂಬಲ್ಲಿಗೆ ಬಿಳಿ ಕಾಗದ ಅಂಟಿಸಿದ್ದರು. ಖಜಾಂಚಿ ಮಾತಾಡುತ್ತಾ, ಐವತ್ತು ವರ್ಷದ ಸಾಧನೆಯನ್ನು ಒಂದು ಮಧ್ಯಾಹ್ನದಲ್ಲಿ ಹಾಳುಮಾಡಿದವರು ಈ ಮನೆಯಲ್ಲೇ ಇದ್ದಾರೆ, ಅವರು ಸಭೆಗೆ ಸಮಜಾಯಿಷಿ ಕೊಡಬೇಕು ಎಂದರು. ಎಲ್ಲರೂ ಬಾಗಿಲಲ್ಲಿ ನಿಂತಿದ್ದ ನನ್ನನ್ನು ತಿರುಗಿ ನೋಡಿದರು. ಇವರು ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ನನಗೆ ಎಲ್ಲಿತ್ತೋ ಸಿಟ್ಟು. ಕೊನೆಯ ಪುಸ್ತಕ ತಂದು ಮೈಕಿನ ಮುಂದೆ ನಿಂತೆ. "ಸಮಜಾಯಿಷಿ ಗಿಮಜಾಯಿಷಿ ನನ್ನ ಹತ್ರ ಇಲ್ಲ. ಅತ್ತೆ ಏನು ಬರೆಸಿದ್ರೋ ಅದನ್ನ ಓದ್ತೀನಿ. ಇಷ್ಟ ಇದ್ರೆ ಕೇಳಿ, ಇಲ್ದಿದ್ರೆ ಎದ್ದು ಹೋಗಿ" ಎಂದೆ. ಯಾರೂ ಏಳಲಿಲ್ಲ, ಉಪ್ಪಿಟ್ಟು ಇನ್ನೂ ಬಂದಿರಲಿಲ್ಲ. ಬಲಗಡೆಯ ಎತ್ತು ಕೆಮ್ಮಿದಲ್ಲಿಂದ ಶುರುಮಾಡಿದೆ. ನಡುವೆ ನೀರು ಕುಡಿದು ಓದಿದೆ. ಚಂದ್ರಿ ಕಾಲು ನೀಡಿಕೊಂಡು ಮಲಗಿದಳು ಎಂಬಲ್ಲಿಗೆ ಪುಸ್ತಕ ಮುಚ್ಚಿದೆ.

ಅಲ್ಲಿದ್ದವರಲ್ಲಿ ಯಾರೂ ಒಂದು ಕಥೆಯ ಕೊನೆಯನ್ನು ಕೇಳಿದವರೇ ಅಲ್ಲ. ಯಾರೋ ಹಿಂದಿನಿಂದ, "ಆಮೇಲೆ?" ಎಂದರು.

"ಆಮೇಲೆ ಇಲ್ಲ. ಮುಗೀತು" ಎಂದೆ.

ಭೀಮಸೇನರಾಯರು ಶಲ್ಯದಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಖಜಾಂಚಿ ಮುಂದುವರಿಯಲಿ ಎಂದು ಕೂಗಲು ಬಾಯಿ ತೆರೆದು, ಏನು ಮುಂದುವರಿಯಬೇಕೆಂದು ಹೊಳೆಯದೆ ಮುಚ್ಚಿಕೊಂಡರು. ಇವರು ಎದ್ದು ವೇದಿಕೆಯ ಹತ್ತಿರ ಬಂದರು. ಎಲ್ಲರೆದುರಿಗೆ ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದು ನಿಂತೆ. ಇವರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಕೊನೆಯ ಪುಟ ಬಿಡಿಸಿ ಕಣ್ಣಿನ ಹತ್ತಿರ ಹಿಡಿದರು. ಕನ್ನಡಕ ತಂದಿರಲಿಲ್ಲ. ವಾಪಸು ಕೊಟ್ಟು, ವೇದಿಕೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಇನ್ನೊಂದ್ಸಲ ಓದು ಜಲಜಾ" ಎಂದರು. ಎರಡು ದಿನದ ಮೇಲೆ ಮೊದಲ ಮಾತು.

"ಎಲ್ಲಿಂದ ಓದ್ಲಿ ರೀ? ಎದ್ದಲ್ಲಿಂದ್ಲಾ?"

"ನಾನು ಎದ್ದಲ್ಲಿಂದ ಬೇಡ" ಎಂದರು. "ನಾನು ಮಲಗಿದ್ದಲ್ಲಿಂದ ಓದು."

"ಅದು ಅರವತ್ತೊಂದು ಪುಸ್ತಕ ಆಗತ್ತೆ."

"ಆಗ್ಲಿ" ಎಂದರು. ನಾನು ಮೊದಲನೆಯ ಪುಸ್ತಕ ತರಲು ಒಳಗೆ ಹೋದೆ.